ಬಿಸಿಯಾದ ಸಮುದ್ರಕ್ಕೊಂದು ಮೆಮೊ

ಈ ಕಥೆಯನ್ನು ಒಂದು ಗಾದೆಯಿಂದ ಶುರು ಮಾಡೋಣ ಅಂದುಕೊಂಡಿದ್ದೆ. ಆದರೆ ನನ್ನ ಬಾಯಿಗೆ ಸಿಕ್ಕ ಗಾದೆ ಕೈಕಾಲು ನೆಟ್ಟಗಿಟ್ಟುಕೊಂಡು ಹೊರಗೆ ಬಂದ ದಾಖಲೆ ಇಲ್ಲ. ಮೊನ್ನೆ ಒಂದರ ತಲೆಗೆ ಇನ್ನೊಂದರ ಬಾಲ ಕಟ್ಟಿ ಮಾವನವರ ಎದುರಿಗೆ ಹೇಳಿ, ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಹಾಗಾಗಿ ಗಾದೆಯನ್ನು ಅದರ ಪಾಡಿಗೆ ಬಿಟ್ಟು ನೇರ ನಿಜಕ್ಕೆ ಬರುತ್ತೇನೆ. ಇದು ನಡೆದದ್ದು ನಡೆದ ಹಾಗೆ. ಉಪ್ಪುಖಾರ ನಾನು ಸೇರಿಸಿಲ್ಲ. ಉಪ್ಪು ಸಮುದ್ರದ್ದೇ ಇತ್ತು, ಖಾರ ಸಾಹೇಬರದ್ದು.

ನಮ್ಮದು ಬಂದರಿನ ಹವಾಮಾನ ಕಚೇರಿ. ಅಲ್ಲಿ ಹವಾ ಎಲ್ಲ ಸಾಹೇಬರದ್ದು, ಮಾನವನ್ನು ಮಾತ್ರ ನಾವೆಲ್ಲ ಸಮವಾಗಿ ಹಂಚಿಕೊಂಡು ದಿನಾ ಒಂದಿಷ್ಟು ಕಳೆದುಕೊಳ್ಳುತ್ತಿದ್ದೆವು. ನನ್ನ ಕೆಲಸ ದಿನದ ಮುನ್ಸೂಚನೆ ಬರೆದು ಸಹಿಗೆ ಇಡುವುದು, ಜೊತೆಗೆ ಹೊರಗಿನಿಂದ ಬಂದ ಫೋನನ್ನು ಸಾಹೇಬರ ಕೋಣೆಗೆ ದಾಟಿಸುವುದು. ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು: ಮಿಮಿಕ್ರಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲೆ ನಾನು ಯಾರನ್ನಾದರೂ ಬಾಯಲ್ಲಿ ಹಿಡಿದು ತರದೇ ಹೋದರೆ ನಮ್ಮವರಿಗೆ ತುತ್ತು ಇಳಿಯುತ್ತಿರಲಿಲ್ಲ. ಎಲ್ಲರಿಗೂ ಇಷ್ಟವಾದ ಐಟಂ ಅಂದರೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರು. ಅವರ ಮೇಲಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ. 'ಸ' ಅಕ್ಷರ ಬಂತೆಂದರೆ ಆ ಸಂದಿಯಿಂದ ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಅವರನ್ನು ನಾವು ಸೀಟಿ ಸಾಹೇಬರು ಅನ್ನುತ್ತಿದ್ದೆವು, ಬಾಗಿಲು ಹಾಕಿಕೊಂಡು.

ನಮ್ಮ ಸಾಹೇಬರ ಅಡ್ಡಹೆಸರು ಸರಾಸರಿ. ಅದಕ್ಕೆ ಕಾರಣ ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಒಂದು ಕೋಷ್ಟಕ. ಇಪ್ಪತ್ತೈದು ವರ್ಷಗಳ ಹಿಂದೆ, ತಲೆಯಲ್ಲಿ ಕೂದಲಿದ್ದ ಕಾಲದಲ್ಲಿ, ಅವರು ಹತ್ತು ವರ್ಷಗಳ ಅಂಕಿ ಕೂಡಿ ಭಾಗಿಸಿ, ಯಾವ ತಿಂಗಳು ನಮ್ಮ ಸಮುದ್ರದ ನೀರು ಎಷ್ಟು ಡಿಗ್ರಿ ಬಿಸಿ ಇರಬೇಕು ಅಂತ ನಿಗದಿ ಮಾಡಿದ್ದರು. ಅದಕ್ಕೆ ಬಹುಮಾನವೂ ಬಂದಿತ್ತು. ಕೋಷ್ಟಕದ ಕೆಳಗೆ ಒಂದು ಷರಾ: 'ಅಳತೆಯು ಈ ಮಿತಿಯನ್ನು ಮೀರಿದಲ್ಲಿ ಅದನ್ನು ಉಪಕರಣದ ದೋಷವೆಂದು ಪರಿಗಣಿಸಿ, ಸರಾಸರಿಯನ್ನು ನಮೂದಿಸತಕ್ಕದ್ದು.'

ಸಮುದ್ರ ಈ ಷರಾ ಓದಿರಲಿಲ್ಲ.

ಅಳತೆ ತೆಗೆಯುವ ಕೆಲಸ ಬಕೆಟ್ ಅಕ್ಕನದು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಜೆಟ್ಟಿಯ ತುದಿಗೆ ಹೋಗಿ, ಹಗ್ಗ ಕಟ್ಟಿದ ಕ್ಯಾನ್ವಾಸ್ ಬಕೆಟ್ ಇಳಿಬಿಟ್ಟು, ನೀರು ಎತ್ತಿ, ಥರ್ಮಾಮೀಟರ್ ಅದ್ದಿ, ಬರೆದುಕೊಂಡು ಬರಬೇಕು. ಹದಿನೆಂಟು ವರ್ಷ ಅದನ್ನೇ ಮಾಡಿ ಅಕ್ಕನ ಅಂಗೈ ಹಗ್ಗದ ಹಾಗೇ ಆಗಿತ್ತು. ಆ ವರ್ಷ ಸೆಕೆ ಶುರುವಾದಾಗಿನಿಂದ ಅಕ್ಕನ ಅಂಕಿ ಕೋಷ್ಟಕದ ಮಿತಿ ದಾಟಿ ಮೂವತ್ತು, ಮೂವತ್ತೂವರೆ ಅಂತ ಏರುತ್ತಲೇ ಇತ್ತು. ನಿಯಮದ ಪ್ರಕಾರ ಥರ್ಮಾಮೀಟರ್ ತಪ್ಪಿತಸ್ಥ. ಮೊದಲನೆಯದನ್ನು ರಿಪೇರಿಗೆ ಕಳಿಸಿದರು. ಎರಡನೆಯದೂ ಅದೇ ಹೇಳಿತು, ಅದನ್ನೂ ಕಳಿಸಿದರು. ಮೂರನೆಯದು ಹೊಸ ಡಬ್ಬಿಯಿಂದ ತೆಗೆದ ದಿನವೇ ಅಪರಾಧ ಮಾಡಿತು. ಕೊನೆಗೆ ಸಾಹೇಬರು ಅಕ್ಕನಿಗೇ ಒಂದು ಮೆಮೊ ಕೊಟ್ಟರು. ಅದನ್ನು ಟೈಪ್ ಮಾಡಿದವನು ನಾನೇ ಆದ್ದರಿಂದ ಬಾಯಿಪಾಠ ಇದೆ: 'ಸಮುದ್ರದ ತಾಪಮಾನವು ನಿಗದಿತ ಮಿತಿ ಮೀರಿರುವುದಾಗಿ ತಾವು ಪದೇ ಪದೇ ವರದಿ ಮಾಡಿರುತ್ತೀರಿ. ಇದಕ್ಕೆ ಕಾರಣವೇನೆಂದು ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.'

ಅಕ್ಕ ಅದರ ಹಿಂಬದಿಯಲ್ಲೇ ಬರೆದು ಕೊಟ್ಟರು: 'ದಯವಿಟ್ಟು ಸಮುದ್ರವನ್ನು ವಿಚಾರಿಸಿಕೊಳ್ಳಬೇಕಾಗಿ ವಿನಂತಿ.'

ತಾಪಮಾನದಲ್ಲಿ ತಾಪ ಅಕ್ಕನದು, ಮಾನ ಸಾಹೇಬರದು ಅಂತ ನಾನು ಆವತ್ತು ಡಬ್ಬಿ ಬಿಚ್ಚುವಾಗ ಹೇಳಿದೆ. ಅಕ್ಕ ನಗಲಿಲ್ಲ.

ಇಷ್ಟರಲ್ಲಿ ದೂರ ಸಮುದ್ರದಲ್ಲಿ ಒಂದು ವಾಯುಭಾರ ಕುಸಿತ ಹುಟ್ಟಿಕೊಂಡಿತು. ನಮ್ಮ ಕರಾವಳಿಗೆ ಎರಡು ದಿನದ ದಾರಿ. ಆ ಬೆಳಿಗ್ಗೆ ಅಕ್ಕ ಜೆಟ್ಟಿಯಿಂದ ನೇರ ನನ್ನ ಮೇಜಿನ ಹತ್ತಿರ ಬಂದರು. ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೂವತ್ತೊಂದು ಪಾಯಿಂಟ್ ಎರಡು," ಅಂದರು. "ನೀನು ಏನು ಬರೆದೆ?"

"ನಾನೇನು ಬರೆಯೋದು ಅಕ್ಕ? ಲೆಕ್ಕದ ಯಂತ್ರಕ್ಕೆ ಸರಾಸರಿ ಹಾಕಿದಾರೆ. 'ಕುಸಿತವು ಈಗಿರುವಷ್ಟೇ ಇದ್ದು ಕ್ರಮೇಣ ದುರ್ಬಲವಾಗಲಿದೆ. ಮೀನುಗಾರರಿಗೆ ಆತಂಕ ಬೇಡ.' ಹನ್ನೆರಡು ಗಂಟೆಗೆ ಸಹಿ ಆಗುತ್ತೆ."

"ಆತಂಕ ಬೇಡ ಅಂತ ಯಾರು ಹೇಳಿದ್ದು?"

"ಗೋಡೆ ಹೇಳಿದ್ದು."

ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತರು. "ನೋಡು, ನೀನು ಕಾಲೇಜು ಓದಿದವನು. ನಾನು ಬಕೆಟ್ ಓದಿದವಳು. ನೀರು ಬಿಸಿಯಾದರೆ ಆವಿ ಏಳುತ್ತೆ, ಹೌದಾ? ಆ ಆವಿ ಸುಮ್ಮನೆ ಏಳಲ್ಲ, ಸಮುದ್ರದ ಬಿಸಿನ ಹೊತ್ತುಕೊಂಡು ಏಳುತ್ತೆ. ಮೇಲೆ ಹೋಗಿ ಮೋಡ ಆಗುವಾಗ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸುತ್ತೆ. ಅಲ್ಲಿನ ಗಾಳಿ ಬಿಸಿಯಾಗಿ, ಹಗುರಾಗಿ, ಇನ್ನೂ ಮೇಲೆ ಹೋಗುತ್ತೆ. ಕೆಳಗೆ ಜಾಗ ತೆರವಾದರೆ ಸುತ್ತಲಿನ ಗಾಳಿ ಬಿಡುತ್ತಾ? ಒಳಗೆ ನುಗ್ಗುತ್ತೆ. ನುಗ್ಗುವಾಗ ನೀರಿನ ಮೇಲಿಂದ ಇನ್ನಷ್ಟು ಆವಿ ಬಾಚಿಕೊಂಡೇ ಬರುತ್ತೆ. ತಿಂದಷ್ಟೂ ಹಸಿವು ಜಾಸ್ತಿ ಆಗೋ ಹೊಟ್ಟೆ ಅದು."

"ಅಂಥ ಹೊಟ್ಟೆ ನಮ್ಮ ಮಾವನವರಿಗೂ ಇದೆ."

"ತಮಾಷೆ ಬಿಡು. ಯಾವಾಗಲೂ ಅದಕ್ಕೊಂದು ಕಡಿವಾಣ ಇರುತ್ತೆ. ಗಾಳಿ ಸಮುದ್ರನ ಕಲಕಿದಾಗ ಅಡಿಯಿಂದ ತಣ್ಣೀರು ಮೇಲೆ ಬರುತ್ತೆ, ಒಲೆಗೆ ನೀರು ಎರಚಿದ ಹಾಗೆ. ಇವತ್ತು ನಾನು ಬಾಟಲಿಗೆ ಕಲ್ಲು ಕಟ್ಟಿ ಹತ್ತು ಮಾರು ಆಳಕ್ಕೂ ಬಿಟ್ಟು ನೋಡಿದೆ. ಬೇರೆ ವರ್ಷ ಅಷ್ಟು ಕೆಳಗಿನ ನೀರು ಮುಟ್ಟಿದರೆ ಕೈ ಜುಮ್ ಅನ್ನೋದು. ಇವತ್ತು ಅದೂ ಮೂವತ್ತರ ಮೇಲೆ. ಕಲಕಿದರೂ ಬಿಸಿನೀರೇ ಬರುತ್ತೆ ಕಣೋ. ಆ ಕುಸಿತ ದುರ್ಬಲ ಆಗಲ್ಲ. ನಾಳೆ ರಾತ್ರಿಯೊಳಗೆ ಚಂಡಮಾರುತ ಆಗುತ್ತೆ."

ಸೆರಗಿನ ತುದಿ ಹಿಂಡುತ್ತ, "ತಮ್ಮ ಅಲ್ಲಿದ್ದಾನೆ," ಅಂದರು.

ಅಕ್ಕನ ತಮ್ಮ ಮೀನಿನ ದೋಣಿಯವನು. ಎರಡು ದಿನದ ಹಿಂದೆ ನಲವತ್ತು ದೋಣಿಗಳ ಜೊತೆ ಹೊರಟವನು, ವಾಪಸ್ ದಡ ಮುಟ್ಟಲು ಇಪ್ಪತ್ತು ತಾಸು ಬೇಕಾಗುವಷ್ಟು ದೂರ ಹೋಗಿದ್ದ. ಅಲ್ಲಿಗೆ ಮೊಬೈಲ್ ಸಿಗುವುದಿಲ್ಲ. ಬಂದರಿನ ವೈರ್‌ಲೆಸ್‌ನವರು ಸಾಹೇಬರ ಸಹಿ ಇದ್ದ ಕಾಗದ ಬಿಟ್ಟು ಬೇರೇನೂ ಓದುವುದಿಲ್ಲ. ಹನ್ನೆರಡರ ಸುದ್ದಿಯಲ್ಲಿ ಕರೆದರೆ ನಾಳೆ ಬೆಳಿಗ್ಗೆ ಎಲ್ಲರೂ ದಡದಲ್ಲಿ. ಇವತ್ತು ಬಿಟ್ಟು ನಾಳೆ ಕರೆದರೆ ಬಿರುಗಾಳಿಯೂ ಅವರೂ ಒಟ್ಟಿಗೇ ಬರುತ್ತಾರೆ.

"ಸಾಹೇಬರಿಗೆ ಹೇಳಿದ್ರಾ?"

"ಹೇಳಿದೆ. 'ಬಕೆಟ್ ಬಿಸಿಲಲ್ಲಿ ಇಟ್ಟಿದ್ರೇನಮ್ಮಾ?' ಅಂದರು. 'ನೀವೇ ಒಂದು ಸಲ ಜೆಟ್ಟಿಗೆ ಬಂದು ಕೈ ಇಟ್ಟು ನೋಡಿ ಸಾರ್' ಅಂದೆ. 'ನನಗೆ ನೀರಲ್ಲಿ ಕೈ ಇಡೋ ಕೆಲಸಕ್ಕೆ ಸಂಬಳ ಕೊಡ್ತಿಲ್ಲ' ಅಂದರು."

ಅದು ಸತ್ಯ. ಸಾಹೇಬರು ಜೆಟ್ಟಿ ನೋಡಿ ಆರು ವರ್ಷವಾಗಿತ್ತು. ಅವರ ಕೋಣೆಯ ಏಸಿ ಹದಿನೆಂಟಕ್ಕೆ ನಿಂತದ್ದು, ಅಲ್ಲಿ ಕೂತರೆ ಸಮುದ್ರವಿರಲಿ, ಸೂರ್ಯನೇ ಸರಾಸರಿಯಾಗಿ ಕಾಣುತ್ತಾನೆ. ಅವರನ್ನು ಎಬ್ಬಿಸಲು ಈ ಲೋಕದಲ್ಲಿ ಒಂದೇ ಒಂದು ದನಿಗೆ ಸಾಧ್ಯವಿತ್ತು. ಆ ದನಿ ನೂರಾರು ಮೈಲಿ ದೂರದಲ್ಲಿತ್ತು. ಮತ್ತು ನನ್ನ ಗಂಟಲಲ್ಲಿತ್ತು.

ಗಡಿಯಾರ ಹತ್ತೂ ಇಪ್ಪತ್ತೈದು ತೋರಿಸುತ್ತಿತ್ತು. ನನ್ನ ಮೇಜಿಗೂ ಸಾಹೇಬರ ಕೋಣೆಗೂ ನಡುವೆ ಹಲಗೆಯ ಗೋಡೆ, ಅದರಲ್ಲೊಂದು ಕಿಟಕಿ.

"ಅಕ್ಕ, ನನ್ನ ದನಿ ಆಚೆ ಕೇಳದ ಹಾಗೆ ಆ ಕಿಟಕಿ ಒತ್ತಿ ಹಿಡ್ಕೊಳ್ಳಿ."

"ಏನು ಮಾಡ್ತೀಯೋ?"

"ಕೆಲಸ ಕಳ್ಕೊಳ್ತೀನಿ."

ಬಟನ್ ಒತ್ತಿದೆ. ಒಳಗೆ ಫೋನ್ ರಿಂಗಾಯಿತು. ಮೊದಲು ನನ್ನದೇ ದನಿಯಲ್ಲಿ, "ಸಾರ್, ಮುಖ್ಯ ಕಚೇರಿಯಿಂದ ದೊಡ್ಡ ಸಾಹೇಬರು," ಅಂದೆ. ಹಲಗೆಯಾಚೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ನಮ್ಮ ಸಾಹೇಬರು ಸೀಟಿ ಸಾಹೇಬರ ಜೊತೆ ಎದ್ದುನಿಂತೇ ಮಾತಾಡುವುದು. ನಾನು ಕೆಳತುಟಿಯನ್ನು ಹಲ್ಲಿನಡಿ ಮಡಚಿಕೊಂಡೆ.

"ಏನ್ರೀ! ನಿಮ್ಮ ಸ್ಸಮುದ್ರ ಎಷ್ಟು ಬಿಸ್ಸಿ ಇದೆ?"

"ಸಾರ್, ನಮಸ್ಕಾರ ಸಾರ್! ಸರಾಸರಿ ಪ್ರಕಾರ ಇಪ್ಪತ್ತೆಂಟು ಪಾಯಿಂಟ್—"

"ಸ್ಸರಾಸ್ಸರಿ ಕೇಳಿದ್ನಾ? ಸ್ಸಮುದ್ರ ಕೇಳಿದೆ. ನೀವೇ ಹೋಗಿ, ಸ್ಸ್ವಂತ ಕೈಯಲ್ಲಿ ಬಕೆಟ್ ಎಳೆದು, ಕೈ ಅದ್ದಿ ನೋಡಿ. ಹನ್ನೊಂದೂವರೆಗೆ ನನಗೆ ಹೇಳಬೇಕು."

"ಈಗಲೇ ಸಾರ್. ಹೊರಟೆ ಸಾರ್. ಹೋಗ್ತಾ ಇದ್ದೀನಿ ಸಾರ್."

ಫೋನಿಟ್ಟಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕ ಇನ್ನೂ ಕಿಟಕಿ ಒತ್ತಿ ಹಿಡಿದೇ ಇದ್ದರು. "ನಿನ್ನ ಬಾಯಿಗೆ ಒಂದು ದಿನ ಬೀಗ ಬೀಳುತ್ತೆ," ಅಂದರು, ಆದರೆ ಗದರಿಸುವ ಹಾಗಿರಲಿಲ್ಲ.

ಕತ್ತಿನ ಟೈ ಭುಜದ ಮೇಲೆ ಹಾರುತ್ತ, ಬೂಟಿಗೆ ಜೆಟ್ಟಿಯ ಪಾಚಿ ಅಂಟುತ್ತ, ಸರಾಸರಿ ಸಾಹೇಬರು ಮುಂದೆ. ಬಕೆಟ್ಟು ಹಿಡಿದು ಅಕ್ಕ ಹಿಂದೆ. ಕಾಗದ ಪೆನ್ನು ಹಿಡಿದು ನಾನು. ಬಲೆ ಹೊಲಿಯುತ್ತ ಕೂತಿದ್ದವರು ಸೂಜಿ ನಿಲ್ಲಿಸಿ ನೋಡಿದರು. ಕಚೇರಿ ಎದ್ದು ನಡೆಯುವುದನ್ನು ಅವರು ಮೊದಲ ಸಲ ಕಾಣುತ್ತಿದ್ದರು.

ಸಾಹೇಬರು ಹಗ್ಗ ಹಿಡಿದ ರೀತಿಗೆ ಬಕೆಟ್ಟೇ ಗಾಬರಿಯಾಗಿರಬೇಕು. ಎರಡು ಸಲ ಖಾಲಿಯಾಗಿ ಬಂತು. ಮೂರನೇ ಸಲ ತುಂಬಿದ ನೀರಿನಲ್ಲಿ ಅರ್ಧ ಅವರ ಪ್ಯಾಂಟಿಗೆ ಹೋಯಿತು. ಉಳಿದದ್ದರಲ್ಲಿ ಥರ್ಮಾಮೀಟರ್ ಅದ್ದಿದರು.

"ಮೂವತ್ತೊಂದು ಪಾಯಿಂಟ್ ಮೂರು," ಅಂತ ಓದಿ, ಅದನ್ನು ಅಪರಾಧಿಯನ್ನು ನೋಡುವ ಹಾಗೆ ನೋಡಿದರು. "ಇದೂ ಕೆಟ್ಟಿದೆ."

"ಸಾರ್, ನಿಮ್ಮ ಬಹುಮಾನದ್ದು ತರಲಾ?" ಅಂದೆ ನಾನು.

ಕೋಷ್ಟಕಕ್ಕೆ ಬಹುಮಾನವಾಗಿ ಅವರಿಗೊಂದು ಥರ್ಮಾಮೀಟರ್ ಕೊಟ್ಟಿದ್ದರು. ನೀಲಿ ಮಖಮಲ್ಲಿನ ಡಬ್ಬಿಯಲ್ಲಿ ಮಲಗಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು; ವರ್ಷಕ್ಕೊಮ್ಮೆ ಒರೆಸುವುದು ಬಿಟ್ಟರೆ ಅದು ಗಾಳಿಯನ್ನೂ ಕಂಡಿರಲಿಲ್ಲ. ಸಾಹೇಬರು ಜೇಬಿನಿಂದ ಕೀಲಿಕೈ ತೆಗೆದು ಕೊಡುವ ಮುಂಚೆ ಒಂದು ಕ್ಷಣ ಹಿಂದೆಮುಂದೆ ನೋಡಿದರು. ಓಡಿಹೋಗಿ ತಂದೆ. ಸಾಹೇಬರು ಹೊಸ ನೀರೆಳೆದು, ಡಬ್ಬಿ ತೆರೆದು, ಮಗುವಿಗೆ ಸ್ನಾನ ಮಾಡಿಸುವ ಹಾಗೆ ಅದನ್ನು ಇಳಿಸಿದರು.

ಮೂವತ್ತೊಂದು ಪಾಯಿಂಟ್ ಮೂರು.

ಸಾಹೇಬರು ತೋಳು ಮಡಚಿ ಮೊಣಕೈವರೆಗೆ ಕೈಯನ್ನು ಬಕೆಟ್ಟಿನಲ್ಲಿ ಬಿಟ್ಟು ಹಾಗೇ ಕುಕ್ಕರಗಾಲಲ್ಲಿ ಕೂತರು. ಅಕ್ಕ ಏನೂ ಕೇಳದೆ ಆಳಕ್ಕೆ ಬಿಡುವ ಬಾಟಲಿಯನ್ನು ಇಳಿಸಿ, ಎಳೆದು, ಅವರ ಇನ್ನೊಂದು ಅಂಗೈಗೆ ಸುರಿದರು.

"ಇದು ಎಷ್ಟು ಆಳದ್ದು?"

"ಹತ್ತು ಮಾರು ಸಾರ್."

"ಸ್ನಾನದ ನೀರಿದ್ದ ಹಾಗಿದೆಯಲ್ಲಮ್ಮಾ."

"ಮೂರು ತಿಂಗಳಿಂದ ಅದನ್ನೇ ಬರೀತಿದೀನಿ ಸಾರ್."

ಸಾಹೇಬರು ಎದ್ದು ಸಮುದ್ರದ ಕಡೆ ನೋಡಿದರು. ಅಲೆಯೇ ಇಲ್ಲದೆ, ಎಣ್ಣೆ ಸವರಿದ ಹಾಗೆ ಅದು ಮಲಗಿತ್ತು. "ಅಲ್ಲಿ ಎಷ್ಟು ದೋಣಿ ಇವೆ?" ಅಂದರು, ಪಿಸುದನಿಯಲ್ಲಿ.

"ನಲವತ್ತೊಂದು. ಒಂದರಲ್ಲಿ ನನ್ನ ತಮ್ಮ."

ಅವರು ಕಚೇರಿಯ ಕಡೆ ಹೆಜ್ಜೆ ಹಾಕಿದರು. ನಾನು ಖುಷಿಯಲ್ಲಿ ಹಿಂಬಾಲಿಸುತ್ತಿದ್ದವನು, ಬಾಗಿಲಲ್ಲಿ ಅವರ ಮಾತು ಕೇಳಿ ಅಲ್ಲೇ ತಣ್ಣಗಾದೆ: "ದೊಡ್ಡ ಸಾಹೇಬರಿಗೆ ಲೈನ್ ಕೊಡಯ್ಯಾ. ಹನ್ನೊಂದೂವರೆಗೆ ಹೇಳಬೇಕು ಅಂದಿದ್ರು."

ನನ್ನ ಉರುಳು ನಾನೇ ಹೆಣೆದುಕೊಂಡಿದ್ದೆ. ಮೇಜಿನ ಅಡಿಗೆ ತೂರಿ, ಮೊಣಕಾಲಿನ ನಡುವೆ ಫೋನ್ ಸಿಕ್ಕಿಸಿಕೊಂಡು, ತುಟಿ ಮಡಚಿದೆ.

"ಹೇಳ್ರೀ. ಸ್ಸಮುದ್ರ ಏನಂತು?"

"ಮೂವತ್ತೊಂದು ಪಾಯಿಂಟ್ ಮೂರು ಸಾರ್. ಆಳದಲ್ಲೂ ಬಿಸಿ ಇದೆ. ನಮ್ಮ ಕೋಷ್ಟಕಕ್ಕಿಂತ ತುಂಬ ಜಾಸ್ತಿ. ಏನು ಮಾಡಲಿ ಸಾರ್?"

ಆ ಕ್ಷಣ 'ದೋಣಿಗಳನ್ನು ಕರೆಸಿ' ಅಂತ ಸೀಟಿ ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದೆ ಕೂಡ. ಯಾಕೋ, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ ಆ ಮನುಷ್ಯ ಕಣ್ಣ ಮುಂದೆ ಬಂದರು.

"ನೀರಲ್ಲಿ ಕೈ ಇಟ್ಟವರು ನೀವು," ಅಂದೆ. "ನಾನಿಲ್ಲಿ ಕುರ್ಚಿಯಲ್ಲಿ ಕೂತವನು. ನೀವೇ ನಿರ್ಧರಿಸ್ಸಿ."

ಹಲಗೆಯಾಚೆ ಏಸಿಯ ಗುಂಯ್‌ಗುಟ್ಟುವ ಸದ್ದು. ಮೇಜಿನ ಪಕ್ಕ ಅಕ್ಕನ ಕಾಲುಗಳು ಕಾಣುತ್ತಿದ್ದವು. ಹೆಬ್ಬೆರಳು ನೆಲ ಕೆರೆಯುತ್ತಿತ್ತು.

"ಕರೆಸ್ತೀನಿ ಸಾರ್," ಅಂದರು ಸಾಹೇಬರು. "ಎಲ್ಲರನ್ನೂ ವಾಪಸ್ ಕರೆಸ್ತೀನಿ. ಗಾಳಿ ಬರದೇ ಇದ್ದರೆ ಜನ ನಗ್ತಾರೆ. ನಗಲಿ ಬಿಡಿ ಸಾರ್."

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವರೇ ನನ್ನ ಕರಡನ್ನು ಹೊಡೆದುಹಾಕಿ, ಒದ್ದೆ ತೋಳಿನಲ್ಲೇ ಹೊಸದು ಬರೆದು ಸಹಿ ಹಾಕಿದರು. 'ಆತಂಕ ಬೇಡ' ಅನ್ನುವುದರಲ್ಲಿ 'ಬೇಡ' ಹೋಗಿತ್ತು.

ಮರುದಿನ ಬೆಳಿಗ್ಗೆ ಒಂದೊಂದಾಗಿ ದೋಣಿಗಳು ಬಂದವು, ಬೈದುಕೊಂಡೇ ಬಂದವು. "ಎಲೆ ಅಲ್ಲಾಡ್ತಿಲ್ಲ, ಇವರಿಗೇನು ತಲೆ ಕೆಟ್ಟಿದೆಯಾ?" ಅಂತ ಅಕ್ಕನ ತಮ್ಮನೂ ಬೈದ. ಅಕ್ಕ ಅವನ ಬೆನ್ನಿಗೊಂದು ಗುದ್ದಿದರು, ಆಮೇಲೆ ಅದೇ ಬೆನ್ನನ್ನು ಸವರಿದರು. ಆ ಸಂಜೆ ಎಲೆ ಅಲ್ಲಾಡಿತು. ಆಮೇಲೆ ಮರವೇ ಅಲ್ಲಾಡಿತು. ನಮ್ಮ ಸಮುದ್ರ ಮೂರು ತಿಂಗಳಿಂದ ಕೂಡಿಟ್ಟ ಬಿಸಿಯನ್ನೆಲ್ಲ ಒಂದೇ ಪಂಕ್ತಿಯಲ್ಲಿ ಉಂಡು ಆ ಕುಸಿತ ದಡಕ್ಕೆ ಬಂದದ್ದು ಮಹಾ ಚಂಡಮಾರುತವಾಗಿ. ಜೆಟ್ಟಿಯ ತುದಿ ಹೋಯಿತು. ಕಚೇರಿಯ ಅರ್ಧ ಚಾವಣಿ ಹೋಯಿತು. ಸಾಹೇಬರ ಕುರ್ಚಿಯ ಹಿಂದಿನ ಕೋಷ್ಟಕ ಕಟ್ಟಿನ ಸಮೇತ ಎದ್ದು ಕಿಟಕಿಯಿಂದ ಹಾರಿ ಸಮುದ್ರ ಸೇರಿತು. ಸಮುದ್ರ ಕೊನೆಗೂ ಅದನ್ನು ಓದಿಕೊಂಡಿರಬಹುದು.

ಒಂದು ಜೀವಕ್ಕೂ ಅಪಾಯವಾಗಲಿಲ್ಲ.

ಎರಡು ವಾರಕ್ಕೆ ಸೀಟಿ ಸಾಹೇಬರು ಖುದ್ದಾಗಿ ಬಂದರು, ನಮ್ಮ ಸಾಹೇಬರಿಗೆ ಹಾರ ಹಾಕಲು. ಚಾವಣಿ ಇಲ್ಲದ ಹಜಾರದಲ್ಲಿ ಟಾರ್ಪಾಲು ಕಟ್ಟಿ ಸಭೆ. ನಾನು ಹಿಂದಿನ ಸಾಲಿನಲ್ಲಿ, ಅಕ್ಕನ ಪಕ್ಕದಲ್ಲಿ, ಮೂರು ರಾತ್ರಿಯ ನಿದ್ದೆಗೆಟ್ಟು ಕೂತಿದ್ದೆ. ಆಗುವುದು ಆಗೇ ಆಯಿತು. ನಮ್ಮ ಸಾಹೇಬರು ಮೈಕ್ ಹಿಡಿದು, "ಈ ಗೌರವ ನನ್ನದಲ್ಲ. ಆ ದಿನ ಹತ್ತೂವರೆಗೆ ದೊಡ್ಡ ಸಾಹೇಬರು ಫೋನ್ ಮಾಡಿ 'ನೀವೇ ಹೋಗಿ ಕೈ ಅದ್ದಿ ನೋಡಿ' ಅನ್ನದೇ ಹೋಗಿದ್ದರೆ ನಾನು ಆ ಕಾಗದಕ್ಕೆ ಸಹಿ ಹಾಕಿಬಿಡ್ತಿದ್ದೆ," ಅಂದರು.

ಸೀಟಿ ಸಾಹೇಬರು ಹುಬ್ಬು ಗಂಟಿಕ್ಕಿದರು. ಸಭೆಯನ್ನು ನೋಡಿದರು, ತಮ್ಮ ಮುಂದಿದ್ದ ಕ್ಯಾಮೆರಾಗಳನ್ನು ನೋಡಿದರು. ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. ಮೈಕ್ ಈಸಿಕೊಂಡರು.

"ಹೌದು. ಮಾಡಿದ್ದೆ," ಅಂದರು. "ಯಾಕೋ ಆ ಬೆಳಿಗ್ಗೆ ನನ್ನ ಮನಸ್ಸು ಸಮುದ್ರದ ಕಡೆ ಎಳೀತಿತ್ತು."

ಒಂದೂ ಸೀಟಿ ಇರಲಿಲ್ಲ. ಅವರ ಬಾಯಲ್ಲಿ ಹೊಸ ಹಲ್ಲಿನ ಸಾಲು, ಗೋಡೆಗೆ ಬಿಳಿ ಟೈಲ್ಸ್ ಕೂರಿಸಿದ ಹಾಗೆ.

ಚಪ್ಪಾಳೆ ಬಿತ್ತು. ಚಪ್ಪಾಳೆಯೂ ಬಿಸಿನೀರಿನ ಹಾಗೇ. ಸಿಕ್ಕಷ್ಟೂ ಮನುಷ್ಯ ಮೇಲೇರುತ್ತಾನೆ. ದೊಡ್ಡ ಸಾಹೇಬರು ಏರಿದರು. "ನಾನು ಎಂಥಾ ಸ್ಥಿತಿಯಲ್ಲಿ ಫೋನ್ ಮಾಡಿದೆ ಗೊತ್ತಾ ನಿಮಗೆ? ಆ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಾನು ದಂತವೈದ್ಯರ ಕುರ್ಚಿಯಲ್ಲಿದ್ದೆ! ಮುಂದಿನ ಹಲ್ಲೆಲ್ಲ ಕಿತ್ತು, ಬಾಯಿ ತುಂಬ ಹತ್ತಿ ತುರುಕಿದ್ದರು. ಒಂದಕ್ಷರ ಆಡೋಕೆ ಆಗ್ತಿರಲಿಲ್ಲ. ಆದರೂ ಫೋನ್ ಎತ್ತಿದೆ! ಹೇಳಬೇಕಾದ್ದನ್ನ ಹೇಳಿದೆ!"

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನಮ್ಮ ಸಾಹೇಬರೂ ತಟ್ಟುತ್ತಿದ್ದರು. ನಾಲ್ಕನೇ ಚಪ್ಪಾಳೆಗೆ ಎರಡು ಕೈಗಳೂ ಗಾಳಿಯಲ್ಲೇ ನಿಂತವು. ದೊಡ್ಡ ಸಾಹೇಬರ ಹೊಸ ಹಲ್ಲು ನೋಡಿದರು. ತಲೆ ಬಾಗಿಸಿ ಏನೋ ನೆನಪು ಮಾಡಿಕೊಂಡರು. ಆಮೇಲೆ ಅವರ ಕಣ್ಣು ಸಾಲು ಸಾಲು ದಾಟಿಕೊಂಡು, ನಿಧಾನವಾಗಿ, ನನ್ನ ಮೇಲೆ ಬಂದು ನಿಂತಿತು.

ನಾನು ಅಕ್ಕನ ಸೆರಗಿನ ಹಿಂದೆ ಜಾರಿದೆ. ಅಕ್ಕ ಸೆರಗು ಎಳೆದುಕೊಂಡರು. "ಮಾಡಿದ್ದು ನೀನು, ಎದುರಿಸೋನೂ ನೀನೇ," ಅಂತ ಪಿಸುಗುಟ್ಟಿದರು.

ವೇದಿಕೆಯಿಂದ ಮೊದಲು ಒಂದು ಕೆಮ್ಮಿನಂಥ ಸದ್ದು ಬಂತು. ಸಾಹೇಬರ ಭುಜ ಕುಲುಕಿತು. ಹೊಟ್ಟೆ ಕುಲುಕಿತು. ಕೊರಳಿನ ಹಾರ ಕುಲುಕಿ ಎರಡು ಹೂ ಉದುರಿದವು. ಇಪ್ಪತ್ತೈದು ವರ್ಷ ಸರಾಸರಿಯಲ್ಲಿ ಬಾಳಿದ ಮನುಷ್ಯ ಮಿತಿ ಮೀರಿ ನಗತೊಡಗಿದರು. ತಮ್ಮ ಹಲ್ಲಿನ ಕಥೆಗೇ ನಗುತ್ತಿದ್ದಾರೆಂದು ದೊಡ್ಡ ಸಾಹೇಬರೂ ನಕ್ಕರು. ಅವರು ನಕ್ಕ ಮೇಲೆ ಸಭೆಗೆ ನಗದೆ ವಿಧಿಯಿಲ್ಲ. ಅಕ್ಕನ ತಮ್ಮ ಏನೂ ತಿಳಿಯದೆ ತೊಡೆ ತಟ್ಟಿಕೊಂಡು ನಕ್ಕ.

ಸಭೆ ಚದುರುವಾಗ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ನನ್ನ ಕಿವಿ ಹಿಡಿಯುತ್ತಾರೆ ಅಂದುಕೊಂಡೆ. ಕಿವಿಯನ್ನೇ ಹಿಡಿದರು. ಹತ್ತಿರ ಎಳೆದು, ಕೆಳತುಟಿ ಮಡಚಿ, "ಏನಯ್ಯಾ, ಸ್ಸಮುದ್ರ ಎಷ್ಟು ಬಿಸ್ಸಿ ಇದೆ?" ಅಂದರು.

ಬಹಳ ಕೆಟ್ಟ ಮಿಮಿಕ್ರಿ. ಸೀಟಿಯ ಬದಲು ಉಗುಳು ಬಂತು. ನಾನು ಮುಖ ಒರೆಸಿಕೊಳ್ಳುವುದನ್ನು ನೋಡಿ ಅವರಿಗೆ ಮತ್ತೆ ತಡೆಯಲಾಗಲಿಲ್ಲ. ಅಕ್ಕನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರಲು ಹೋಗಿ, ಕ್ಯಾನ್ವಾಸ್ ಬಕೆಟ್ ಮಡಚಿಕೊಂಡು, ಹಾರದ ಸಮೇತ ನೆಲಕ್ಕೆ ಕುಸಿದು ಕೂತರು. ಬಿದ್ದಲ್ಲೇ, ಟಾರ್ಪಾಲು ಅದುರುವ ಹಾಗೆ, ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದರು.